ಮನೆಗೆ ಫೈಬರ್: ಕಂಬದಿಂದ ಎಳೆಸುವುದಾ, ನೆಲದಡಿ ಹಾಕಿಸುವುದಾ?

ಹಿತ್ತಲಮನೆ:

ಮನೆಗೆ ಫೈಬರ್ ಕನೆಕ್ಷನ್ ತೆಗೆದುಕೊಳ್ಳುತ್ತಿದ್ದೇವೆ. ಕಂಬ ನಮ್ಮ ಕಾಂಪೌಂಡಿನ ಹೊರಗೆ, ರಸ್ತೆಯ ನಮ್ಮದೇ ಬದಿಯಲ್ಲಿದೆ. ಅಲ್ಲಿಂದ ಮನೆಯ ಗೋಡೆಗೆ ಸುಮಾರು 40 ಮೀಟರ್. ನೋಡಲು ಬಂದವರು ಎರಡು ದಾರಿ ಹೇಳಿದರು. ಒಂದು, ಕಂಬದಿಂದ ಸೀದಾ ಗೋಡೆಗೆ ಕೇಬಲ್ ಎಳೆಯುವುದು. ಒಂದು ಗಂಟೆ ಕೆಲಸ, ಮುಗಿಯಿತು. ಇನ್ನೊಂದು, ನಾವೇ ನೆಲ ಅಗೆಸಿ ಪೈಪ್ ಹಾಕಿಸಿಟ್ಟರೆ ಅವರು ಬಂದು ಅದರೊಳಗೆ ಕೇಬಲ್ ಎಳೆದುಕೊಡುವುದು. ಅಗೆತದ ಖರ್ಚು, ತಲೆನೋವು ಎರಡೂ ನಮ್ಮದೇ.

ನನಗೆ ಅಂಗಳದ ಮೇಲೆ ಕಪ್ಪು ತಂತಿ ಜೋತಾಡುವುದು ಇಷ್ಟವಿಲ್ಲ. ಈಗಷ್ಟೇ ಮನೆಗೆ ಬಣ್ಣ ಹೊಡೆಸಿದ್ದೇವೆ. ಆದರೆ ಮಾವ ಹೇಳುವುದು, ಮೇಲಿನದ್ದು ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಕೆಳಗಿನದ್ದು ಕೆಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂತ. ಅದೂ ಸರಿಯೇ ಅನ್ನಿಸುತ್ತದೆ. ದಾರಿಯ ಮಧ್ಯದಲ್ಲಿ ಒಂದು ದೊಡ್ಡ ಮರವೂ ಇದೆ, ಅದರ ಕೊಂಬೆಗಳು ಕೇಬಲ್ ಹೋಗುವ ಜಾಗಕ್ಕೇ ಚಾಚಿಕೊಂಡಿವೆ.

ಸ್ಪೀಡಿನಲ್ಲಿ ಏನಾದರೂ ವ್ಯತ್ಯಾಸ ಬರುತ್ತದಾ? ಯಾವುದು ಜಾಸ್ತಿ ದಿನ ಬಾಳುತ್ತದೆ? ಮಿಂಚು ಹೊಡೆದರೆ ಮೇಲಿನ ಕೇಬಲ್‌ನಿಂದ ಮನೆಯೊಳಗಿನ ನೆಟ್ ಡಬ್ಬಿ ಸುಟ್ಟುಹೋಗುತ್ತದಾ? ಈಗ ಮೇಲೆ ಹಾಕಿಸಿ ಆಮೇಲೆ ಕೆಳಗೆ ಬದಲಾಯಿಸಿಕೊಳ್ಳಬಹುದಾ? ಹಾಕಿಸಿದವರು ಯಾರಾದರೂ ಅನುಭವ ಹೇಳಿ.

ಕಂಬಹತ್ತುವವ:

ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಎರಡೂ ಥರದ್ದು ನೂರಾರು ಹಾಕಿದ್ದೇನೆ.

ಸ್ಪೀಡಿನ ವಿಷಯ ಮೊದಲು ಮುಗಿಸಿಬಿಡೋಣ. ಏನೂ ವ್ಯತ್ಯಾಸವಿಲ್ಲ. ಫೈಬರ್ ಅಂದರೆ ಗಾಜಿನ ಎಳೆ, ಅದರೊಳಗೆ ಬೆಳಕು ಒಂದು ಕಿಲೋಮೀಟರ್ ಹೋಗಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ನೆಲದಡಿಯ ದಾರಿ ಸುತ್ತುಬಳಸಿ 20 ಮೀಟರ್ ಉದ್ದವಾದರೂ ಆಗುವ ತಡ ಒಂದು ಮೈಕ್ರೋಸೆಕೆಂಡಿನ ಹತ್ತರಲ್ಲೊಂದು ಪಾಲು. ಅದನ್ನು ನೀವಲ್ಲ, ನಿಮ್ಮ ಆಟದ ಸರ್ವರ್ ಕೂಡ ಗುರುತಿಸುವುದಿಲ್ಲ.

ಈಗ ಅಸಲು ಮಾತು. ನನ್ನ ಹತ್ತಿರ ಬರುವ ಕಂಪ್ಲೇಂಟ್‌ಗಳಲ್ಲಿ ಕಂಬ, ನೆಲ ಎರಡಕ್ಕೂ ಸಂಬಂಧವಿಲ್ಲದ್ದೇ ಜಾಸ್ತಿ. ಕೊನೆಯ ಎರಡು ಮೀಟರಿನಲ್ಲಿ ಹಾಳಾಗಿರುತ್ತದೆ. ಗೋಡೆಗೆ ತೂತು ಕೊರೆದ ಜಾಗ, ಮೂಲೆಯಲ್ಲಿ ಚೂಪಾಗಿ ಮಡಚಿದ್ದು, ಮೊಳೆ ಹೊಡೆಯುವಾಗ ಕೇಬಲ್ ಮೇಲೇ ಬಡಿದದ್ದು, ಸೋಫಾ ಸರಿಸಿ ಕನೆಕ್ಟರ್ ಜಜ್ಜಿದ್ದು. ನೆಲದಡಿ ಎರಡು ಅಡಿ ಆಳದಲ್ಲಿ ಭದ್ರವಾಗಿ ತಂದು ಬಾಗಿಲಸಂದಿಯಲ್ಲಿ ತೂರಿಸಿದರೆ ಏನು ಬಂತು?

ಮೇಲೆ ಹಾಕಿಸಿದರೆ ಇಷ್ಟು ನೋಡಿಕೊಳ್ಳಿ. ಹೊರಗಿನ ಕೇಬಲ್ ಕಪ್ಪಗಿರಬೇಕು. ಆ ಕಪ್ಪು ಬಣ್ಣ ಚೆಂದಕ್ಕಲ್ಲ, ಪ್ಲಾಸ್ಟಿಕ್ಕಿನಲ್ಲಿ ಕಾರ್ಬನ್ ಬೆರೆಸಿರುತ್ತಾರೆ, ಬಿಸಿಲಿಗೆ ತಡೆಯುತ್ತದೆ. ಗೋಡೆಯ ಬಣ್ಣಕ್ಕೆ ಹೊಂದಲಿ ಅಂತ ಒಳಗಿನ ಬಿಳಿ ಕೇಬಲ್ ಹೊರಗೆ ಎಳೆಸಿಕೊಂಡವರಿದ್ದಾರೆ. ಬಿಸಿಲಿಗೆ ಅದರ ಮೈ ಸೀಳಿ ಒಳಗಿನ ಎಳೆ ಹೊರಗೆ ಇಣುಕುತ್ತಿತ್ತು. ಎರಡನೆಯದು, ಕೇಬಲ್ ಗೋಡೆಯ ಹತ್ತಿರ ಬಂದಾಗ ಒಂದು ಬಳುಕು ಕೆಳಗೆ ಇಳಿದು ಮತ್ತೆ ಮೇಲೇರಿ ತೂತಿಗೆ ಹೋಗಬೇಕು. ಮಳೆನೀರು ಕೇಬಲ್ ಹಿಡಿದು ಹರಿದು ಬರುತ್ತದೆ, ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಇಲ್ಲದಿದ್ದರೆ ಸೀದಾ ನಿಮ್ಮ ಹಾಲಿಗೇ. ತೂತನ್ನೂ ಹೊರಮುಖಕ್ಕೆ ಇಳಿಜಾರಾಗಿ ಕೊರೆಯಬೇಕು. ಇದನ್ನು ಹೇಳಿಕೊಟ್ಟರೂ ಅರ್ಧ ಜನ ಮಾಡುವುದಿಲ್ಲ.

ಮೂರನೆಯದು ಆ ಮರ. ಕೊಂಬೆ ಕೇಬಲ್ ಮೇಲೆ ಬೀಳುವುದು ಆಮೇಲಿನ ಮಾತು. ದಿನಾ ಗಾಳಿಗೆ ಉಜ್ಜುವುದೇ ಸಾಕು, ಮೇಲಿನ ಕವಚ ಸವೆದುಹೋಗುತ್ತದೆ. ಕತ್ತರಿಸಲು ಮನಸ್ಸಿಲ್ಲದಿದ್ದರೆ ಕೇಬಲ್ ಬರುವ ಕೋನ ಬದಲಿಸಲು ಹೇಳಿ. ಗೋಡೆಯ ಇನ್ನೊಂದು ಮೂಲೆಗೆ ಕೊಕ್ಕೆ ಹಾಕಿದರೆ ಎಷ್ಟೋ ಸಲ ಮರ ತಪ್ಪುತ್ತದೆ.

ಮರದ_ನೆರಳು:

ಮೇಲಿನವರು ಕೆಲಸ ಮಾಡುವವರು, ಅವರಿಗೆ ಮೇಲಿನದ್ದೇ ಸಲೀಸು. ಅನುಭವಿಸುವವರು ನಾವು. ನನ್ನದು ಮೂರು ವರ್ಷದಲ್ಲಿ ಮೂರು ಸಲ ಹರಿದಿದೆ. ಒಂದು ಸಲ ಕೊಂಬೆ ಬಿದ್ದು. ಒಂದು ಸಲ ಎತ್ತರದ ಲಾರಿ ಸಿಕ್ಕಿಸಿಕೊಂಡು. ಮೂರನೆಯ ಸಲ ಅಳಿಲು, ನಿಜವಾಗಿಯೂ ಅಳಿಲು, ಹಲ್ಲಿನ ಗುರುತು ಕಾಣುತ್ತಿತ್ತು. ಕಡಿಯಲು ಅದಕ್ಕೆ ಬೇರೇನೂ ಸಿಗಲಿಲ್ಲವಾ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಣ್ಣುಮುಚ್ಚಿಕೊಂಡು ನೆಲದಡಿ ಹಾಕಿಸಿ.

ಕಂಬಹತ್ತುವವ:

ಅಳಿಲು ಕಡಿಯುವುದು ಹೊಸತಲ್ಲ. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಬೇಕು. ನೆಲದಡಿ ಅದರ ಅಣ್ಣ ಇಲಿ ಇದೆ, ನೆನಪಿರಲಿ.

ಲಾರಿಯ ವಿಷಯಕ್ಕೆ ಒಂದು ಮಾತು. ಕೇಬಲ್ ಹರಿದದ್ದು ನಿಮ್ಮ ಅದೃಷ್ಟ. ಹರಿಯದೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಗೋಡೆಯ ಕೊಕ್ಕೆ ಕಿತ್ತು ಬರುತ್ತಿತ್ತು, ಇಲ್ಲವೇ ಕಂಬ ಬಾಗುತ್ತಿತ್ತು. ಮನೆಗೆ ಬರುವ ಕೇಬಲ್ ಒಂದು ಮಿತಿ ದಾಟಿದರೆ ತಾನೇ ಹರಿದು ಬೀಳಲಿ ಅಂತ ಬೇಕೆಂದೇ ದುರ್ಬಲ ಕೊಂಡಿ ಇಡುವ ಪದ್ಧತಿಯೂ ಇದೆ. ಮತ್ತೆ ನಿಮ್ಮದು ಮೂರು ಸಲ ಹರಿದಾಗ ಸರಿಯಾಗಲು ಎಷ್ಟು ಹೊತ್ತು ಹಿಡಿಯಿತು, ಅದನ್ನೂ ಹೇಳಿ.

ಮರದ_ನೆರಳು:

ಎರಡು ಸಲ ಅದೇ ದಿನ. ಅಳಿಲಿನದ್ದು ಮಾರನೆಯ ದಿನ. ಒಪ್ಪಿದೆ ಬಿಡಿ.

ಸಲಿಕೆ_ಶೂರ:

ನೆಲದಡಿ ಅನ್ನುವವರಿಗೆ ನನ್ನ ಕಥೆ.

ನನಗೂ ತಂತಿ ಕಾಣಬಾರದು ಅಂತ ಹಟ. ಹಾಕಲು ಬಂದ ಕಂಪನಿಯವರು ಪೈಪ್ ಬೇಡ ಸಾರ್, ಇದು ಆರ್ಮರ್ ಕೇಬಲ್, ಸೀದಾ ಮಣ್ಣಿಗೆ ಹಾಕಬಹುದು ಅಂದರು. ಅದು ಸುಳ್ಳಲ್ಲ, ಉಕ್ಕಿನ ಕವಚದ ಕೇಬಲ್ ಅನ್ನು ನೇರವಾಗಿ ಹೂಳುತ್ತಾರೆ. ಅರ್ಧ ದಿನದಲ್ಲಿ ಒಂದು ಗೇಣು ಆಳದ ಗೀರು ತೋಡಿ, ಹಾಕಿ, ಮುಚ್ಚಿ ಹೋದರು. ನಾನೂ ಖುಷಿಯಾಗಿದ್ದೆ. ಮೂರು ವರ್ಷ ಏನೂ ಆಗಲಿಲ್ಲ. ಎಲ್ಲಿ ಹೋಗಿದೆ ಅನ್ನುವುದೂ ಮರೆತುಹೋಯಿತು, ಯಾಕೆಂದರೆ ಮೇಲೆ ಹುಲ್ಲು ಬೆಳೆದಿತ್ತು.

ಒಂದು ಭಾನುವಾರ ಗಿಡ ನೆಡಲು ಗುಂಡಿ ತೋಡುತ್ತಿದ್ದೆ. ಸಲಿಕೆ ಏನಕ್ಕೋ ತಗುಲಿತು. ಬೇರು ಅಂದುಕೊಂಡೆ. ಬೇರಾದರೆ ಬಗ್ಗುವವನಲ್ಲ ನಾನು, ಎರಡು ಏಟು ಹಾಕಿದೆ. ಒಳಗಿಂದ ಮಗಳು ಕೂಗಿದಳು, ಅಪ್ಪಾ ನೆಟ್ ಹೋಯಿತು ಅಂತ.

ಜಾಗ ಗೊತ್ತಿತ್ತಲ್ಲ, ಕತ್ತರಿಸಿದವನು ನಾನೇ. ಆದರೂ ಸರಿಮಾಡಲು ಎಂಟು ದಿನ. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಬಿಡಿಸಿಕೊಳ್ಳಬೇಕು, ಕೇಬಲ್ ಬಿಗಿಯಾಗಿ ಹೂತಿದ್ದರಿಂದ ಒಂದಿಂಚೂ ಹೆಚ್ಚುವರಿ ಇಲ್ಲ, ಹಾಗಾಗಿ ಮಧ್ಯೆ ಹೊಸ ತುಂಡು ಸೇರಿಸಿ ಎರಡು ಜಾಯಿಂಟ್ ಹಾಕಬೇಕು, ಆ ಜಾಯಿಂಟಿಗೆ ನೀರು ಹೋಗದ ಡಬ್ಬಿ ಬೇಕು, ಡಬ್ಬಿಗೆ ಒಂದು ಗುಂಡಿ ಬೇಕು. ನಾಲ್ಕು ತಿಂಗಳಿಗೆ ಆ ಡಬ್ಬಿಯೊಳಗೆ ನೀರು ನುಗ್ಗಿ ಮನೆಯ ನೆಟ್ ಡಬ್ಬಿಯಲ್ಲಿ ಮತ್ತೆ ಕೆಂಪು ದೀಪ, ಅಂದರೆ ಸಿಗ್ನಲ್ ಇಲ್ಲ. ಕೊನೆಗೆ ಎಲ್ಲ ಅಗೆಸಿ ಪೈಪ್ ಹಾಕಿಸಿದೆ. ಅಂದರೆ ಒಂದೇ ಅಂಗಳವನ್ನು ಎರಡು ಸಲ ಅಗೆಸಿದ ಮಹಾಪುರುಷ ನಾನು.

ಹಾಗಾಗಿ ನಿಮ್ಮ ಪ್ರಶ್ನೆ ಮೇಲೆಯೋ ಕೆಳಗೆಯೋ ಅಂತಲ್ಲ. ಕೆಳಗೆ ಅಂದರೆ ಪೈಪಿನೊಳಗಾ, ಬರೀ ಮಣ್ಣಿನೊಳಗಾ ಅನ್ನುವುದು. ಪೈಪ್ ಇದ್ದರೆ ಹಳೆಯ ಕೇಬಲ್ ಎಳೆದು ಬಿಸಾಕಿ ಹೊಸದು ತೂರಿಸುತ್ತಾರೆ. ಅದಿಲ್ಲದ ನೆಲದಡಿಗಿಂತ ಜೋತಾಡುವ ತಂತಿಯೇ ಎಷ್ಟೋ ವಾಸಿ.

ಗಣಿತ_ಗೀಳು:

ಮೇಲೆ ಹಾಕುವಾಗ ಕೇಬಲ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. ಬಹಳ ಜನ ಗಿಟಾರ್ ತಂತಿಯ ಹಾಗೆ ಬಿಗಿದಿರಲಿ, ನೋಡಲು ಚೆಂದ ಅನ್ನುತ್ತಾರೆ. ಅದೇ ತಪ್ಪು. ಲೆಕ್ಕ ನೋಡಿ.

ಎಳೆತ ಎಷ್ಟು ಅಂದರೆ: ಮೀಟರಿಗೆ ಕೇಬಲ್ಲಿನ ತೂಕವನ್ನು ದೂರದ ವರ್ಗದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸುವುದು. ಜೋಲು ಅಂದರೆ ನಡುಮಧ್ಯದಲ್ಲಿ ಕೇಬಲ್ ಎಷ್ಟು ಕೆಳಗೆ ಇಳಿದಿದೆ ಅನ್ನುವುದು. ನಿಮ್ಮ ದೂರ 40 ಮೀಟರ್. ಕೇಬಲ್ ಕಿಲೋಮೀಟರಿಗೆ 20 ಕೆಜಿ ತೂಗುತ್ತದೆ ಅಂದುಕೊಳ್ಳಿ. 40 ಸೆಂಟಿಮೀಟರ್ ಜೋಲು ಬಿಟ್ಟರೆ ಎಳೆತ 10 ಕೆಜಿ. 20 ಸೆಂಟಿಮೀಟರ್ ಬಿಟ್ಟರೆ 20 ಕೆಜಿ. 10 ಬಿಟ್ಟರೆ 40 ಕೆಜಿ. ಜೋಲು ಅರ್ಧವಾದಷ್ಟೂ ಎಳೆತ ಎರಡರಷ್ಟು. ನಾನು ನೋಡಿದ, ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಡ್ರಾಪ್ ಕೇಬಲ್‌ಗಳ ಡೇಟಾಶೀಟಿನಲ್ಲಿ ಸದಾಕಾಲ ಹೊರಬಹುದಾದ ಎಳೆತ 300 ನ್ಯೂಟನ್, ಅಂದರೆ 30 ಕೆಜಿ ಆಸುಪಾಸು ಅಂತ ಬರೆದಿರುತ್ತದೆ. ಗಿಟಾರ್ ಥರ ಬಿಗಿದವರು ಗಾಳಿ ಬೀಸುವ ಮೊದಲೇ ಮಿತಿ ದಾಟಿಬಿಟ್ಟಿರುತ್ತಾರೆ.

ನನಗೆ ಮಜಾ ಅನ್ನಿಸುವುದು ಇನ್ನೊಂದು. 40 ಸೆಂಟಿಮೀಟರ್ ಜೋಲು ಬಿಡಲು ಎಷ್ಟು ಹೆಚ್ಚುವರಿ ಕೇಬಲ್ ಬೇಕು ಗೊತ್ತಾ? ಬರೀ ಒಂದು ಸೆಂಟಿಮೀಟರ್ ಚಿಲ್ಲರೆ. ಅಂದರೆ ಏಣಿಯ ಮೇಲೆ ನಿಂತವನು ಕೊನೆಯಲ್ಲಿ ಸುಮ್ನೆ ಒಂದು ಬೆರಳಗಲ ಜಗ್ಗಿದರೆ ಸಾಕು, ಎಳೆತ ಹತ್ತರಿಂದ ಎಲ್ಲಿಗೋ ಹಾರುತ್ತದೆ. ಕೇಬಲ್ ಸ್ವಲ್ಪ ಹಿಗ್ಗುವುದರಿಂದ ನಿಜದಲ್ಲಿ ಅಷ್ಟು ಹಾರುವುದಿಲ್ಲ, ಆದರೂ ದಿಕ್ಕು ಅದೇ. ಚಳಿಗೆ ಕೇಬಲ್ ಕುಗ್ಗಿದರೆ ಇದೇ ಕಥೆ. ಕೊಂಬೆ ಒರಗಿಕೊಂಡರೆ ಕೇಳುವುದೇ ಬೇಡ.

ನೆಲದಡಿ ಎಳೆತದ ಸಮಸ್ಯೆ ಇರುವುದು ಪೈಪಿಗೆ ತೂರಿಸುವ ಹೊತ್ತಿನಲ್ಲಿ ಮಾತ್ರ. ಆಮೇಲೆ ಕೇಬಲ್ ಸುಮ್ನೆ ಮಲಗಿರುತ್ತದೆ. ನನ್ನ ಮತ ಅದಕ್ಕೇ.

ಹೊಸಬ_87:

ನಡುವೆ ಬಾಯಿ ಹಾಕುತ್ತಿದ್ದೇನೆ. ಹೀಗೆ ಕೇಬಲ್ ಎಳೆದಾಡಿದರೆ, ಬಗ್ಗಿಸಿದರೆ ಸಿಗ್ನಲ್ ಕಡಿಮೆಯಾಗುತ್ತದೆ ಅನ್ನುತ್ತಾರಲ್ಲ, ಎಷ್ಟು ಕಡಿಮೆಯಾದರೆ ನೆಟ್ ನಿಲ್ಲುತ್ತದೆ?

ಗಣಿತ_ಗೀಳು:

ಒಳ್ಳೆಯ ಪ್ರಶ್ನೆ. ಮನೆಗಳಿಗೆ ಬರುವ ಜಿಪಾನ್‌ನಲ್ಲಿ, ಅಂದರೆ ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ವ್ಯವಸ್ಥೆಯಲ್ಲಿ, ಬಿ ಪ್ಲಸ್ ಅನ್ನುವ ಸಾಮಾನ್ಯ ವರ್ಗವಾದರೆ, ದಾರಿಯುದ್ದಕ್ಕೂ ಒಟ್ಟು 28 ಡಿಬಿ ಬೆಳಕು ಕಳೆದುಕೊಳ್ಳಬಹುದು. ಡಿಬಿ ಅಂದರೆ ಬೆಳಕು ಎಷ್ಟು ಕುಂದಿತು ಅನ್ನುವ ಅಳತೆ. ಒಂದು ಎಳೆಯನ್ನು 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ನುಂಗುತ್ತದೆ. ಉಳಿದದ್ದು 11. ಕಿಲೋಮೀಟರಿಗೆ 0.35 ಡಿಬಿ ಹೋಗುತ್ತದೆ, ಬೆಸುಗೆ ಹಾಕಿದ ಜಾಯಿಂಟಿಗೆ 0.1ರ ಒಳಗೆ, ಕನೆಕ್ಟರಿಗೆ 0.3ರಿಂದ 0.5. ಇದೆಲ್ಲ ಕಳೆದು ಐದಾರು ಡಿಬಿ ಕೈಯಲ್ಲಿ ಉಳಿದರೆ ನೀವು ಸುಖಿ. ಮನೆಯ ಡಬ್ಬಿಗೆ ಮೈನಸ್ 27 ಡಿಬಿಎಂ (ಬಂದು ಮುಟ್ಟುವ ಬೆಳಕಿನ ಬಲದ ಅಳತೆ) ತನಕ ಬೆಳಕು ಕಾಣಬೇಕು ಅನ್ನುವುದು ನಿಯಮ, ಅದಕ್ಕಿಂತ ಕೆಳಗಿಳಿದರೆ ಆಟ ಶುರು. ಒಂದು ಚೂಪಾದ ಮಡಿಕೆ ಸುಲಭವಾಗಿ 3 ಡಿಬಿ ತಿನ್ನುತ್ತದೆ. ಅಂದರೆ ಅರ್ಧ ಬೆಳಕು.

ಎಷ್ಟು ಬಗ್ಗಿಸಬಹುದು ಅನ್ನುವುದು ಎಳೆಯ ಜಾತಿಯ ಮೇಲೆ. ಹಳೆಯ ಜಿ.652.ಡಿ ಎಳೆಗೆ 30 ಮಿಲಿಮೀಟರ್ ತ್ರಿಜ್ಯ ಬೇಕು. ಮನೆಗಳಿಗಾಗಿ ಬಂದ ಜಿ.657.ಎ2 ಎಳೆಗೆ 7.5 ಮಿಲಿಮೀಟರ್ ಸಾಕು. ಕೇಬಲ್ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ, ಓದಿ ನೋಡಿ.

ಹಿತ್ತಲಮನೆ:

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ಮಾವನಿಗೆ ಓದಿ ಹೇಳಿದೆ, ಸಲಿಕೆಯ ಕಥೆ ಕೇಳಿ ಅವರಿಗೆ ಬಹಳ ಸಂತೋಷವಾಯಿತು.

ಪೈಪ್ ಹಾಕಿಸುವುದಾದರೆ ಎಷ್ಟು ದಪ್ಪ, ಎಷ್ಟು ಆಳ? ಗೇಟಿನ ದೀಪಕ್ಕೆ ಕರೆಂಟ್ ಎಳೆಯಲು ಹೇಗೂ ಅಗೆಸಬೇಕು, ಅದೇ ಪೈಪಿನಲ್ಲಿ ಇದನ್ನೂ ಹಾಕಬಹುದಾ? ಪೈಪಿಗೆ ನೀರು ತುಂಬಿಕೊಂಡರೆ? ಮಿಂಚಿನ ಪ್ರಶ್ನೆ ಹಾಗೇ ಉಳಿಯಿತು.

ಕಂಬಹತ್ತುವವ:

ಮಿಂಚು ಮೊದಲು. ಎಳೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಜೋತುಬಿಡುವ ಎಷ್ಟೋ ಕೇಬಲ್‌ಗಳ ಪಕ್ಕದಲ್ಲಿ ಭಾರ ಹೊರಲು ಒಂದು ಉಕ್ಕಿನ ತಂತಿ ಇರುತ್ತದೆ, ಅದು ಹರಿಸುತ್ತದೆ. ಸರಿಯಾದ ಕ್ರಮ ಅಂದರೆ ಆ ಉಕ್ಕಿನ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಸೀಳಿ ನಿಲ್ಲಿಸಿ, ಎಳೆ ಇರುವ ಸಣ್ಣ ಭಾಗವನ್ನು ಮಾತ್ರ ಒಳಗೆ ಬಿಡುವುದು. ಅರ್ಥಿಂಗ್ ಬೇಕು ಅಂತ ನಿಮ್ಮ ಕಡೆಯ ನಿಯಮ ಹೇಳಿದರೆ ಅದನ್ನೂ ಮಾಡಬೇಕು. ಉಕ್ಕಿನ ಬದಲು ಫೈಬರ್‌ಗ್ಲಾಸ್ ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ ಸಿಗುತ್ತದೆ. ಕೇಳಿ ತೆಗೆದುಕೊಳ್ಳಿ. ಸಲಿಕೆ_ಶೂರರ ಆರ್ಮರ್ ಕೇಬಲ್ ನೆಲದಡಿ ಇದ್ದರೂ ಅದರ ಕವಚ ಲೋಹವೇ, ಅದಕ್ಕೂ ಇದೇ ಎಚ್ಚರ ಬೇಕು. ಮತ್ತೆ ಸಿಡಿಲಿಗೆ ಡಬ್ಬಿ ಸುಟ್ಟ ಮನೆಗಳಿಗೆ ಹೋದಾಗೆಲ್ಲ ನಾನು ಮೊದಲು ನೋಡುವುದು ಅದರ ಪವರ್ ಅಡಾಪ್ಟರ್. ಬಂದದ್ದು ಆ ದಾರಿಯಲ್ಲೇ ಆಗಿರುತ್ತದೆ.

ಕರೆಂಟಿನ ಪೈಪಿನಲ್ಲಿ ಹಾಕಬಹುದಾ? ಬೇಡವೇ ಬೇಡ. ಫೈಬರಿಗೆ ಕರೆಂಟಿನಿಂದ ತೊಂದರೆ ಅಂತಲ್ಲ. ಎಳೆ ಹಾಕುವ ಹುಡುಗ ಯಾವತ್ತೋ ಒಂದು ದಿನ ಕೇಬಲ್ ಎಳೆಯಲು ಅದೇ ಪೈಪಿಗೆ ಉಕ್ಕಿನ ಸ್ಪ್ರಿಂಗ್ ತೂರಿಸುತ್ತಾನೆ, ಕರೆಂಟ್ ವಯರಿನ ಮೈ ಕಿತ್ತಿದ್ದರೆ ಅವನ ಗತಿ ಏನು? ಕಾಲುವೆ ಒಂದೇ ಇರಲಿ, ಪೈಪ್ ಬೇರೆ ಬೇರೆ, ನಡುವೆ ಅಂತರ ಬಿಟ್ಟು. ಒಂದಡಿ ಬಿಡುವುದು ರೂಢಿ. ನಿಮ್ಮಲ್ಲಿ ನಿಯಮ ಜಾಸ್ತಿ ಕೇಳಿದರೆ ಜಾಸ್ತಿ ಬಿಡಿ.

ಪೈಪಿನ ವಿವರ ಸಲಿಕೆ_ಶೂರ ಹೇಳಲಿ, ಎರಡು ಸಲ ಅಗೆದವರು.

ಸಲಿಕೆ_ಶೂರ:

ಹೇಳುತ್ತೇನೆ, ಈ ವಿಷಯದಲ್ಲಿ ನನಗೆ ಡಿಗ್ರಿಯೇ ಸಿಕ್ಕಿದೆ.

ಒಳಗಿನ ಅಗಲ 25 ಮಿಲಿಮೀಟರ್ ಇರಲಿ. ಕೇಬಲ್ ಬರೀ ಕೆಲವು ಮಿಲಿಮೀಟರ್, ಇಷ್ಟು ಯಾಕೆ ಅನ್ನಿಸಬಹುದು. ಕೆಲವರು ತುದಿಗೆ ಮೊದಲೇ ಕನೆಕ್ಟರ್ ಕೂರಿಸಿದ ಕೇಬಲ್ ತರುತ್ತಾರೆ, ಆ ಹಸಿರು ಮೂತಿ ಸಣ್ಣ ಪೈಪಿನ ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾಳೆ ಹಳೆಯದು ಇರುವಾಗಲೇ ಇನ್ನೊಂದು ಎಳೆಯಬೇಕಾದರೂ ಜಾಗ ಬೇಕು. ಸುರುಳಿಯಲ್ಲಿ ಸಿಗುವ, ಬಗ್ಗುವ ಕಪ್ಪು ಪ್ಲಾಸ್ಟಿಕ್ ಎಚ್‌ಡಿಪಿಇ ಪೈಪ್ ತೆಗೆದುಕೊಳ್ಳಿ, 40 ಮೀಟರಿಗೂ ನಡುವೆ ಜಾಯಿಂಟ್ ಇರುವುದಿಲ್ಲ. ಪಿವಿಸಿ ತುಂಡು ಅಂಟಿಸಿದರೆ ಒಳಗೆ ಅಂಟು ಉಬ್ಬಿ ಗಟ್ಟಿಯಾಗಿರುತ್ತದೆ, ಕೇಬಲ್ ಅಲ್ಲೇ ತಗುಲಿಕೊಳ್ಳುತ್ತದೆ.

ತಿರುವು. ಇದನ್ನು ಎರಡು ಸಲ ಓದಿಕೊಳ್ಳಿ. ನೀರಿನ ಪೈಪಿಗೆ ಹಾಕುವ ಚೌಕದ ಎಲ್ಬೋ ಹಾಕಲೇಬಾರದು. ನಮ್ಮ ಪ್ಲಂಬರ್ ಅಭ್ಯಾಸಬಲದಿಂದ ಹಾಕಿಬಿಟ್ಟಿದ್ದ. ಕೇಬಲ್ ಮೂಲೆಗೆ ಬಂದು ಮುಖ ಕೊಟ್ಟು ನಿಂತುಬಿಟ್ಟಿತು, ಹೋಗಲಿಲ್ಲ. ತಿರುವು ದೊಡ್ಡ ಬಳುಕಾಗಿರಬೇಕು, ಒಂದಡಿ ತ್ರಿಜ್ಯವಾದರೂ ಇರಲಿ. ಪೂರ್ತಿ ದಾರಿಯಲ್ಲಿ ಅಂಥವು ಎರಡು ಸಾಕು. ಮೂರನೆಯದು ಬೇಕೇ ಬೇಕು ಅಂದರೆ ನಡುವೆ ಮುಚ್ಚಳದ ಒಂದು ಸಣ್ಣ ಚೇಂಬರ್ ಕಟ್ಟಿಸಿ, ಅಲ್ಲಿಂದ ಮತ್ತೆ ಎಳೆಯಬಹುದು.

ಆಳ ಒಂದೂವರೆಯಿಂದ ಎರಡು ಅಡಿ. ಗಾಡಿ ಓಡಾಡುವ ಕಡೆ ಇನ್ನೂ ಆಳ. ತಳದಲ್ಲಿ ಕಲ್ಲು ಆರಿಸಿ ಮರಳು ಹಾಸಿ, ಪೈಪಿನ ಮೇಲೂ ಮರಳು, ಆಮೇಲೆ ಮಣ್ಣು. ಅರ್ಧ ಮುಚ್ಚಿದ ಮೇಲೆ ಬಣ್ಣದ ಎಚ್ಚರಿಕೆ ಪಟ್ಟಿ ಉದ್ದಕ್ಕೂ ಹಾಸಿ. ನನ್ನಂಥ ಶೂರರಿಗೆ ಸಲಿಕೆ ಮೊದಲು ಆ ಪಟ್ಟಿಗೆ ತಾಗಲಿ ಅಂತ. ಪೈಪಿನ ಜೊತೆ ಒಂದು ತಾಮ್ರದ ತಂತಿಯನ್ನೂ ಮಲಗಿಸುತ್ತಾರೆ. ಗಾಜು, ಪ್ಲಾಸ್ಟಿಕ್ ಎರಡನ್ನೂ ನೆಲದ ಮೇಲಿಂದ ಹುಡುಕುವ ಯಂತ್ರ ಹಿಡಿಯುವುದಿಲ್ಲ, ತಾಮ್ರವನ್ನು ಹಿಡಿಯುತ್ತದೆ. ನಾನು ಅದರ ಬದಲು ಮುಚ್ಚುವ ಮೊದಲು ಗೋಡೆಯಿಂದ ಟೇಪ್ ಹಿಡಿದು ಅಳತೆ ಸಮೇತ ಫೋಟೋ ತೆಗೆದಿಟ್ಟೆ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಅಗೆಯುವ ಮೊದಲು ನೀರು, ಗ್ಯಾಸ್, ಕರೆಂಟ್ ಲೈನ್ ಎಲ್ಲಿವೆ ಅಂತ ಕೇಳಿಕೊಳ್ಳುವುದು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ನೀರು ತುಂಬುವುದು. ತುಂಬುತ್ತದೆ. ಒಣಗಿಯೇ ಇರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಹೊರಗಿನ ಕೇಬಲ್ ನೀರಿನಲ್ಲಿ ಮಲಗಿದರೂ ಬೆಳಕಿಗೆ ಏನೂ ಆಗುವುದಿಲ್ಲ, ಅದನ್ನು ಹಾಗೆಂದೇ ಮಾಡಿರುತ್ತಾರೆ. ಒಳಗಿನ ಕೇಬಲ್ ಹಾಕಿದರೆ ಮಾತ್ರ ಕೆಡುತ್ತದೆ. ಪೈಪ್ ಮನೆಯಿಂದ ಹೊರಗೆ ಇಳಿಜಾರಾಗಿರಲಿ, ಎರಡೂ ಬಾಯಿ ಮುಚ್ಚಿರಲಿ. ನೀರಿಗಿಂತ ಇಲಿ, ಇರುವೆ ಆ ದಾರಿಯಲ್ಲಿ ಮನೆಗೆ ಬರುವುದೇ ಜಾಸ್ತಿ ಕಾಟ.

ಮತ್ತೆ ಹಗ್ಗ. ಆಮೇಲೆ ಕೇಬಲ್ ಕಟ್ಟಿ ಎಳೆಯಲು ಪೈಪಿನೊಳಗೆ ನೈಲಾನ್ ಹಗ್ಗ ಬಿಟ್ಟಿರಿ, ನಾರಿನದ್ದು ಕೊಳೆತುಹೋಗುತ್ತದೆ. ಹಾಕಲು ಮರೆತರೆ ಚಿಂತೆ ಬೇಡ. ಪ್ಲಾಸ್ಟಿಕ್ ಚೀಲದ ಚೂರಿಗೆ ತೆಳು ದಾರ ಕಟ್ಟಿ ಒಂದು ಬಾಯಲ್ಲಿ ಬಿಡಿ, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಸೊಯ್ ಅಂತ ಬರುತ್ತದೆ. ಆ ದಾರಕ್ಕೆ ಹಗ್ಗ ಕಟ್ಟಿ ಎಳೆದುಕೊಳ್ಳಿ. ನನ್ನ ಮಗಳಿಗೆ ಇದು ಎಷ್ಟು ಇಷ್ಟವಾಯಿತೆಂದರೆ ನಾಲ್ಕು ಸಲ ಮಾಡಿಸಿದಳು.

ಕಂಬಹತ್ತುವವ:

ಒಂದೇ ಮಾತು ಸೇರಿಸುತ್ತೇನೆ, ಯಾರೂ ಎತ್ತಲಿಲ್ಲ. ನಿಮ್ಮ ಬೀದಿಯ ಮುಖ್ಯ ಕೇಬಲ್ ಎಲ್ಲಿದೆ? ಕಂಬ ಇದೆ ಅಂದಿರಲ್ಲ, ಅಂದರೆ ಅದು ಮೇಲೇ ಇದೆ. ನಿಮ್ಮ 40 ಮೀಟರನ್ನು ನೀವು ಎಷ್ಟೇ ಆಳಕ್ಕೆ ಹೂತರೂ ಅದರ ಹಿಂದಿನ ಒಂದೆರಡು ಕಿಲೋಮೀಟರ್ ಗಾಳಿಯಲ್ಲಿ ಜೋತಾಡುತ್ತಲೇ ಇರುತ್ತದೆ. ದೊಡ್ಡ ಗಾಳಿಗೆ ಅದು ಬಿದ್ದರೆ ಅಕ್ಕಪಕ್ಕದವರ ಜೊತೆ ನಿಮ್ಮದೂ ಹೋಗುತ್ತದೆ. ನೆಲದಡಿ ಹಾಕಿಸಿ ಕೆಡುವುದೇ ಇಲ್ಲ ಅಂತ ಕೂತವರು ಆಮೇಲೆ ನಮ್ಮ ಮೇಲೆ ರೇಗುತ್ತಾರೆ.

ಇನ್ನೊಂದು, ನೆಲದಡಿ ಅಂದರೂ ಕೇಬಲ್ ಕಂಬದಿಂದ ಇಳಿಯಲೇಬೇಕು. ಆ ಇಳಿಯುವ ಭಾಗಕ್ಕೆ ಆಳೆತ್ತರದ ತನಕ ಗಟ್ಟಿ ಪೈಪ್ ಕವಚ ಹಾಕಿಸಿ. ಇಲ್ಲದಿದ್ದರೆ ಗಾಡಿ ಒರಗಿಸಿ, ಏಣಿ ತಗುಲಿಸಿ, ದನ ಕಟ್ಟಿ ಅದನ್ನೇ ಕೆಡಿಸುತ್ತಾರೆ.

ಮರದ_ನೆರಳು:

ನಮ್ಮ ಬೀದಿಯಲ್ಲಿ ಮುಖ್ಯ ಕೇಬಲ್ ಕೆಳಗಿದೆ, ಮನೆಗೆ ಮಾತ್ರ ಮೇಲಿಂದ. ಅದಕ್ಕೇ ನನ್ನದೊಂದೇ ಹೋಗುತ್ತಿತ್ತು, ಪಕ್ಕದವರು ನಗುತ್ತಿದ್ದರು. ಈಗ ಅರ್ಥವಾಯಿತು.

ಹೊಸಬ_87:

ನನ್ನದು ಕಂಬ ರಸ್ತೆಯ ಆಚೆ ಬದಿ. ನಾನೂ ಪೈಪ್ ಹಾಕಿಸಬಹುದಾ?

ಕಂಬಹತ್ತುವವ:

ನಿಮ್ಮ ಕಾಂಪೌಂಡಿನೊಳಗೆ ಏನು ಬೇಕಾದರೂ ಮಾಡಿಕೊಳ್ಳಿ. ರಸ್ತೆ ನಿಮ್ಮದಲ್ಲ, ಅದನ್ನು ಮುಟ್ಟಬೇಡಿ. ಅನುಮತಿ ಪಡೆದು ಕಂಪನಿಯವರೇ ದಾಟಿಸಬೇಕು. ರಸ್ತೆ ಕೀಳದೆ ಆಚೆಯಿಂದ ಈಚೆಗೆ ನೆಲದಡಿಯೇ ಅಡ್ಡ ಕೊರೆಯುವ ಯಂತ್ರಗಳಿವೆ, ಆದರೆ ಒಂದು ಮನೆಗೋಸ್ಕರ ಅದನ್ನು ಯಾರೂ ತರುವುದಿಲ್ಲ. ನಿಮ್ಮಂಥ ಕಡೆ ರಸ್ತೆಯ ಮೇಲಿಂದ ಎತ್ತರದಲ್ಲಿ ದಾಟಿಸಿ, ಗೇಟಿನ ಹತ್ತಿರದ ಒಂದು ಸಣ್ಣ ಕಂಬಕ್ಕೆ ಕಟ್ಟಿ, ಅಲ್ಲಿಂದ ಪೈಪಿಗೆ ಇಳಿಸುತ್ತೇವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರ್ಧ ಮೇಲೆ, ಅರ್ಧ ಕೆಳಗೆ. ಸುಲಭವಾಗಿ ನಡೆಯುತ್ತದೆ. ಆದರೆ ಇಳಿಯುವ ಜಾಗದಲ್ಲಿ ಜಾಯಿಂಟ್ ಮಾಡಿಸಬೇಡಿ, ಒಂದೇ ಉದ್ದದ ಕೇಬಲ್ ಹಾಕಿಸಿ.

ಹಿತ್ತಲಮನೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಅಗೆಯುವವರು ಸಿಗುವುದು ತಡವಾಯಿತು, ನೆಟ್ ಇಲ್ಲದೆ ಮನೆಯಲ್ಲಿ ಇರುವ ಹಾಗಿರಲಿಲ್ಲ. ಹಾಗಾಗಿ ಮೊದಲು ಮೇಲೇ ಹಾಕಿಸಿದೆವು. ಗೋಡೆಯ ಇನ್ನೊಂದು ಮೂಲೆಗೆ ತೆಗೆದುಕೊಂಡಿದ್ದರಿಂದ ಮರ ತಪ್ಪಿತು. ಹಾಕಲು ಬಂದ ಹುಡುಗ ಕೊನೆಯಲ್ಲಿ ಜಗ್ಗಲು ಹೊರಟ. ಬೇಡಪ್ಪಾ, ಒಂದು ಮೊಳ ಜೋಲು ಬಿಡು ಅಂದೆ. ಇವರಿಗೇನು ಗೊತ್ತು ಅನ್ನುವ ಹಾಗೆ ನೋಡಿದ, ಆದರೂ ಬಿಟ್ಟ. ಗೋಡೆಯ ಹತ್ತಿರದ ಬಳುಕನ್ನು ಹೇಳದೆಯೇ ಮಾಡಿದ. ಬೆಳಕು ಅಳೆಯುವ ಮೀಟರಿನಲ್ಲಿ ಮೈನಸ್ 19.4 ಡಿಬಿಎಂ ತೋರಿಸಿತು.

ಕಳೆದ ವಾರ ಗೇಟಿನ ದೀಪಕ್ಕೆ ಅಗೆಸುವಾಗ ಪಕ್ಕದಲ್ಲಿ ಅಂತರ ಬಿಟ್ಟು ಖಾಲಿ ಪೈಪ್ ಹಾಕಿಸಿಬಿಟ್ಟೆ. ಎಲ್ಬೋ ಇಲ್ಲ. ಪ್ಲಂಬರ್ ತಂದಿದ್ದ, ವಾಪಸ್ ಕಳಿಸಿದೆ. ಪಟ್ಟಿ ಹಾಸಿದ್ದೇವೆ, ಫೋಟೋ ತೆಗೆದಿದ್ದೇವೆ. ಮೇಲಿನದ್ದು ಯಾವತ್ತಾದರೂ ಹರಿದರೆ ಆವತ್ತೇ ಕೆಳಗಿಂದ ಎಳೆಸುತ್ತೇನೆ. ಮಾವನಿಗೆ ಮೇಲಿನದ್ದು ಕಾಣುತ್ತದೆ, ನನಗೆ ಕೆಳಗಿನದ್ದು ಇದೆ ಅನ್ನುವ ಧೈರ್ಯ.

ಸಲಿಕೆ_ಶೂರ:

ಒಳಗೆ ಬಿಟ್ಟ ಹಗ್ಗದ ಎರಡೂ ತುದಿ ಗಟ್ಟಿಯಾಗಿ ಕಟ್ಟಿದ್ದೀರಿ ತಾನೇ? ಇಲ್ಲದಿದ್ದರೆ ಯಾರಾದರೂ ಸುಮ್ನೆ ಎಳೆದುನೋಡಿ ಪೂರ್ತಿ ಹೊರಗೆ ತೆಗೆದುಬಿಡುತ್ತಾರೆ.

ಹಿತ್ತಲಮನೆ:

ನಿನ್ನೆ ಮಾವನೇ ಎಳೆದರು. ಈಗ ವ್ಯಾಕ್ಯೂಮ್ ಕ್ಲೀನರ್ ಹುಡುಕುತ್ತಿದ್ದೇನೆ.